ಶೇಂಗಾ ಹಾಲಿನ ಮೊಸರು: ಕರುವಿನ ಪಾಲು ಕರುವಿಗೇ ಇರಲಿ

ಹಸು ಹಾಲು ಕೊಡುವುದು ಕರು ಹಾಕಿದ ಮೇಲೆಯೇ. ಬೇರೆ ಕಟ್ಟಿದ ಕರುವಿಗಾಗಿ ಅದು ಕೂಗುತ್ತದೆ. ಆ ಕೂಗು ಕೇಳಿದವರಿಗೆ ಪ್ರಾಣಿಗೂ ಸಂಕಟವಿದೆ ಎಂದು ಬೇರೆ ಹೇಳಬೇಕಿಲ್ಲ. ಹಾಲು ಬಿಡಲು ಮನಸ್ಸಿದ್ದರೂ ಮೊಸರನ್ನ ಬಿಡಲಾಗದವರಿಗೆ ಈ ದಾರಿ.

ಒಂದು ಲೋಟ ಹಸಿ ಶೇಂಗಾವನ್ನು 8 ಗಂಟೆ ನೆನೆಸಿ, ಸಿಪ್ಪೆ ಉಜ್ಜಿ ತೆಗೆಯಿರಿ. ಉಳಿದರೆ ಬಣ್ಣ ಮಂಕು, ರುಚಿ ಒಗರು. ಮುಗ್ಗಿದ, ಸುಕ್ಕಿದ ಕಾಳು ಬೇಡವೇ ಬೇಡ, ಅದರಲ್ಲಿ ಬೂಷ್ಟಿನ ವಿಷ ಇರಬಹುದು. 3 ಲೋಟ ನೀರು ಸೇರಿಸಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಸಿ. ಕುದಿ ಬಂದ ಮೇಲೆ ಇನ್ನೂ 5 ನಿಮಿಷ. ಅವಸರ ಮಾಡಿದರೆ ಹಸಿ ವಾಸನೆ ಉಳಿಯುತ್ತದೆ, ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ.

ಉಗುರುಬೆಚ್ಚಗಾದಾಗ 8-10 ಹಸಿಮೆಣಸಿನಕಾಯಿಯ ತೊಟ್ಟು ತೊಳೆದು ಮುಳುಗಿಸಿ, 10-12 ಗಂಟೆ ಮುಚ್ಚಿಡಿ. ತೊಟ್ಟಿಗೆ ಅಂಟಿರುವ ಬ್ಯಾಕ್ಟೀರಿಯಾವೇ ಹೆಪ್ಪು. ಹಾಲು ಬಿಸಿಯಿದ್ದರೆ ಅದು ಸತ್ತೇಹೋಗುತ್ತದೆ. ಮೊದಲ ಮೊಸರು ತೆಳ್ಳಗೆ, ತುಸು ಖಾರ. ತೊಟ್ಟು ತೆಗೆದು ಅದರ 2 ಚಮಚವನ್ನು ಹೊಸ ಶೇಂಗಾ ಹಾಲಿಗೆ ಬೆರೆಸಿ. ಎರಡನೆಯದು ಗಟ್ಟಿಯಾಗಿ ಕೂರುತ್ತದೆ. ತಳದಲ್ಲಿ ನೀರು ಬಿಟ್ಟರೆ ಕಡೆದರಾಯಿತು. ಹಸಿರು, ಕಪ್ಪು ಬೂಷ್ಟು ಕಂಡರೆ ಚೆಲ್ಲಿ.

ಇದರಲ್ಲಿ ವಿಟಮಿನ್ ಬಿ12 ಇಲ್ಲ. ಹಾಲು, ಮೊಸರನ್ನೂ ಬಿಟ್ಟು ಪೂರ್ತಿ ಸಸ್ಯಾಹಾರಕ್ಕೆ ಬಂದವರಿಗೆ ಅದರ ಮಾತ್ರೆ ಬೇಕೇ ಬೇಕು, ಪ್ರಮಾಣವನ್ನು ವೈದ್ಯರಲ್ಲಿ ಕೇಳಿ.