ಹಳೆ ಬೋರ್ಡ್‌ಗೆ ಡಿವೈಸ್ ಟ್ರೀ ಬರೆದ ಅನುಭವ

ನನ್ನ ಹತ್ತಿರ ಇದ್ದದ್ದು ಕಾರ್ಟೆಕ್ಸ್-ಎ9 ಚಿಪ್ ಇರುವ ಒಂದು ಹಳೆ ಬೋರ್ಡ್. ಅದರ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) 3.0ರ ಕಾಲದ್ದು. ಯಾವ ಚಿಪ್ ಯಾವ ವಿಳಾಸದಲ್ಲಿದೆ, ಯಾವ ಇಂಟರಪ್ಟ್ (ಸಾಧನವೊಂದು ಪ್ರೊಸೆಸರ್‌ನ ಗಮನ ಸೆಳೆಯುವ ಸಂಕೇತ) ಅದರದ್ದು, ಎಲ್ಲವೂ ಒಂದೇ ಬೋರ್ಡ್ ಫೈಲ್‌ನಲ್ಲಿ ಸಿ ಕೋಡ್ ಆಗಿ ಕೂತಿತ್ತು. ಅದನ್ನೆಲ್ಲ ಡಿವೈಸ್ ಟ್ರೀಗೆ, ಅಂದರೆ ಹಾರ್ಡ್‌ವೇರ್ ವಿವರವನ್ನು ಕೋಡ್‌ನಿಂದ ಬೇರೆಯಾಗಿ ಬರೆದಿಡುವ ಕಡತಕ್ಕೆ, ಸಾಗಿಸುವುದು ನನ್ನ ಕೆಲಸ. 2011ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಸಿಟ್ಟಾದದ್ದು ಇಂಥ ಫೈಲ್‌ಗಳು ರಾಶಿ ಬಿದ್ದಿದ್ದಕ್ಕೇ.

ಕೆಲಸ ಶುರು ಮಾಡುವ ಮೊದಲು ಹಳೆ ಕರ್ನಲ್ ಬೂಟ್ ಮಾಡಿ, ಬೂಟ್ ಲಾಗ್, ಇಂಟರಪ್ಟ್ ಪಟ್ಟಿ, ಜಿಪಿಐಒ (ಸಾಫ್ಟ್‌ವೇರ್‌ನಿಂದ ಆನ್-ಆಫ್ ಮಾಡಬಲ್ಲ ಪಿನ್) ಪಟ್ಟಿ, ಯಾವ ಪಿನ್ ಯಾವ ಕೆಲಸಕ್ಕೆ ಎಂದು ಹೇಳುವ ಪಿನ್‌ಮಕ್ಸ್ ರಿಜಿಸ್ಟರ್‌ಗಳ ಬೆಲೆ ಎಲ್ಲ ಬರೆದಿಟ್ಟುಕೊಂಡೆ. ಮುಂದೆ ನನ್ನನ್ನು ಕಾಪಾಡಿದ್ದು ಇದೇ.

ಕರ್ನಲ್ ಅನ್ನು ಎಬ್ಬಿಸುವ ಬೂಟ್‌ಲೋಡರ್‌ಗೆ ಗೊತ್ತಿದ್ದದ್ದು ಏಟ್ಯಾಗ್ಸ್ (ಕರ್ನಲ್‌ಗೆ ಮಾಹಿತಿ ದಾಟಿಸುವ ಹಳೆ ವಿಧಾನ) ಮಾತ್ರ. ಬೂಟ್‌ಲೋಡರ್ ಮುಟ್ಟುವ ಧೈರ್ಯ ಆಗಲಿಲ್ಲ. ಝಡ್‌ಇಮೇಜ್‌ನ (ಕುಗ್ಗಿಸಿದ ಕರ್ನಲ್ ಫೈಲ್) ಬಾಲಕ್ಕೆ ಡಿಟಿಬಿ (ಡಿವೈಸ್ ಟ್ರೀಯ ಬೈನರಿ ರೂಪ) ಅಂಟಿಸುವ ಕಾನ್ಫಿಗ್ ಆರಿಸಿದೆ. ಮೆಮೊರಿ ಅಳತೆ, ಕಮಾಂಡ್ ಲೈನ್ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳು) ಎರಡನ್ನೂ ಏಟ್ಯಾಗ್ಸ್‌ನಿಂದ ಎತ್ತಿಕೊಳ್ಳುವ ಆಯ್ಕೆಯೂ ಅಲ್ಲೇ ಇದೆ. ಮೊದಲ ಬೂಟ್‌ನಲ್ಲಿ ಕನ್ಸೋಲ್ ಪೂರ್ತಿ ಮೌನ. ಬೂಟ್‌ನ ಆರಂಭದಿಂದಲೇ ಸಂದೇಶ ತೋರಿಸುವ ಅರ್ಲಿಪ್ರಿಂಟ್‌ಕೆ ಹಾಕಿದ ಮೇಲೆ ಗೊತ್ತಾಯಿತು, ಕರ್ನಲ್ ಓಡುತ್ತಲೇ ಇತ್ತು. ಡಿವೈಸ್ ಟ್ರೀಯಲ್ಲಿ ಸೀರಿಯಲ್ ನೋಡ್‌ನ (ಒಂದು ಸಾಧನದ ವಿವರ ಇರುವ ಭಾಗ) ಸ್ಟೇಟಸ್ ಅನ್ನು 'ಓಕೆ' ಮಾಡುವುದನ್ನು ನಾನು ಮರೆತಿದ್ದೆ.

ಜಾಸ್ತಿ ದಿನ ತಿಂದದ್ದು ಈಥರ್ನೆಟ್. ಎಸ್‌ಒಸಿಯ (ಬೋರ್ಡ್‌ನ ಮುಖ್ಯ ಚಿಪ್) ಡಿಟಿಎಸ್‌ಐನಲ್ಲಿ, ಅಂದರೆ ಆ ಚಿಪ್ ಇರುವ ಬೋರ್ಡ್‌ಗಳೆಲ್ಲ ಹಂಚಿಕೊಳ್ಳುವ ಡಿವೈಸ್ ಟ್ರೀ ಕಡತದಲ್ಲಿ, ಅದರ ನೋಡ್ ಇರಲಿಲ್ಲ, ನಾನೇ ಬರೆದೆ. ಡ್ರೈವರ್ ಬಂತು, ಲಿಂಕೂ ಬಂತು, ಆದರೆ ಒಂದು ಪ್ಯಾಕೆಟ್ಟೂ ಬರಲಿಲ್ಲ. ಇಂಟರಪ್ಟ್ ಎಣಿಕೆ ಸೊನ್ನೆಯಲ್ಲೇ ನಿಂತಿತ್ತು. ಈಥರ್ನೆಟ್‌ನ ಇಂಟರಪ್ಟ್ ಸಂಖ್ಯೆ ಬೋರ್ಡ್ ಫೈಲ್‌ನಲ್ಲಿ 74 ಎಂದಿತ್ತು, ನಾನೂ 74 ಎಂದೇ ಬರೆದಿದ್ದೆ. ಇಂಟರಪ್ಟ್‌ಗಳನ್ನು ನಿಭಾಯಿಸುವ ಜಿಐಸಿಯಲ್ಲಿ ಮೊದಲ 32 ಸಂಖ್ಯೆಗಳು ಪ್ರೊಸೆಸರ್‌ನ ಒಳಗಿನ ಬಳಕೆಗೆ ಮೀಸಲು. ಹೊರಗಿನ ಸಾಧನಗಳ ಎಣಿಕೆ ಡಿವೈಸ್ ಟ್ರೀಯಲ್ಲಿ ಅದರ ನಂತರ ಸೊನ್ನೆಯಿಂದ ಶುರು. 74ರಲ್ಲಿ 32 ಕಳೆದರೆ, ಬೇಕಿದ್ದದ್ದು 42! ಹಳೆ ಫೈಲ್‌ನ ಯಾವ ಸಂಖ್ಯೆಯನ್ನೂ ಸುಮ್ನೆ ನಕಲು ಮಾಡಬೇಡಿ. ಅದು ಹಾರ್ಡ್‌ವೇರ್‌ನ ಸಂಖ್ಯೆಯೋ ಲಿನಕ್ಸ್ ಕೊಟ್ಟ ಸಂಖ್ಯೆಯೋ ಎಂದು ಮ್ಯಾನ್ಯುಯಲ್ ನೋಡಿ ಖಚಿತ ಮಾಡಿಕೊಳ್ಳಿ.

ಆಮೇಲೆ ಡಿಸ್‌ಪ್ಲೇ. ಬೂಟ್ ಆಗುವಾಗ ಚಿತ್ರ ಇರುತ್ತಿತ್ತು, ಬೂಟ್ ಮುಗಿಯುವ ಹೊತ್ತಿಗೆ ಪರದೆ ಕಪ್ಪು. ಕಮಾಂಡ್ ಲೈನ್‌ಗೆ 'ಕ್ಲಾಕ್ ಇಗ್ನೋರ್ ಅನ್‌ಯೂಸ್ಡ್' ಸೇರಿಸಿದರೆ ಚಿತ್ರ ಉಳಿಯಿತು. ಅಂದರೆ ಯಾರೂ ಕೇಳದ ಕ್ಲಾಕ್ ಅಂತ ಕರ್ನಲ್ ಅದನ್ನು ಆಫ್ ಮಾಡುತ್ತಿತ್ತು, ಅಲ್ವಾ? ಹುಡುಕಿದರೆ, ಬೋರ್ಡ್ ಫೈಲ್‌ನ ಇನಿಟ್ ಫಂಕ್ಷನ್‌ನಲ್ಲಿ ಒಂದೇ ಒಂದು ಸಾಲು ಪಿಕ್ಸೆಲ್ ಕ್ಲಾಕ್ (ಪರದೆಗೆ ಚುಕ್ಕೆಗಳನ್ನು ಕಳಿಸುವ ವೇಗ ನಿಗದಿ ಮಾಡುವ ಗಡಿಯಾರ ಸಂಕೇತ) ಅನ್ನು ಆನ್ ಮಾಡಿಟ್ಟಿತ್ತು. ಡ್ರೈವರ್‌ಗೆ ಆ ಕ್ಲಾಕ್ ಇರುವುದೇ ಗೊತ್ತಿರಲಿಲ್ಲ. ನೋಡ್‌ನಲ್ಲಿ ಕ್ಲಾಕ್ ಹೆಸರಿಸಿ, ಡ್ರೈವರ್ ತಾನೇ ಅದನ್ನು ಕೇಳುವಂತೆ ತಿದ್ದಿದೆ. ಆ ಕಮಾಂಡ್ ಲೈನ್ ಮಾತನ್ನು ಹಾಗೇ ಬಿಟ್ಟಿದ್ದರೂ ನಡೆಯುತ್ತಿತ್ತು. ಆದರೆ ತಪ್ಪು ಅಲ್ಲೇ ಅಡಗಿರುತ್ತಿತ್ತು, ಅದು ನನಗೆ ಒಪ್ಪಿಗೆಯಾಗಲಿಲ್ಲ.

ಪ್ಯಾನೆಲ್‌ಗೆ ಪವರ್ ಕೊಡುವ ಕೆಲಸ ಪ್ಲಾಟ್‌ಫಾರ್ಮ್ ಡೇಟಾದ (ಬೋರ್ಡ್ ಫೈಲ್ ಡ್ರೈವರ್‌ಗೆ ಕೊಡುವ ಮಾಹಿತಿ) ಒಂದು ಫಂಕ್ಷನ್ ಪಾಯಿಂಟರ್‌ನಲ್ಲಿ, ಅಂದರೆ ಕೋಡ್ ಆಗಿ, ಇತ್ತು. ಡಿವೈಸ್ ಟ್ರೀಯಲ್ಲಿ ಕೋಡ್ ಬರೆಯಲು ಆಗುವುದಿಲ್ಲ. ಅದನ್ನು ಒಂದು ಫಿಕ್ಸ್ಡ್ ರೆಗ್ಯುಲೇಟರ್ (ಒಂದೇ ನಿಗದಿತ ವೋಲ್ಟೇಜ್ ಕೊಡುವ ಪವರ್ ಮೂಲ), ಒಂದು ಜಿಪಿಐಒ ಆಗಿ ಬಿಡಿಸಿ ಬರೆದೆ.

ಬೋರ್ಡ್ ಫೈಲ್ ಅಳಿಸಿದ ಕಮಿಟ್ ನಿನ್ನೆ ಹಾಕಿದೆ. ಹಳೆ ಕರ್ನಲ್ ಇನ್ನೂ ಒಂದು ಎಸ್‌ಡಿ ಕಾರ್ಡ್‌ನಲ್ಲಿದೆ. ಟಚ್‌ಸ್ಕ್ರೀನ್ ರಿಸೆಟ್ ಪಿನ್ ಆ್ಯಕ್ಟಿವ್ ಲೋ (ಕಡಿಮೆ ವೋಲ್ಟೇಜ್‌ನಲ್ಲಿ ಕೆಲಸ ಮಾಡುವಂಥದ್ದು) ಹೌದೋ ಅಲ್ಲವೋ ಎಂದು ಅದರಲ್ಲಿ ನೋಡುವುದು ಬಾಕಿ.