ಮಗಳ ಗೇಮ್ ಮೊದಲು ನಾನೇ ಆಡಿದೆ

ಮಗಳಿಗೆ ಆಗ ಒಂಬತ್ತು ವರ್ಷ. ಗೆಳತಿಯರೆಲ್ಲ ಆಡುತ್ತಾರೆ ಎಂದು ಒಂದು ಆನ್‌ಲೈನ್ ಗೇಮ್‌ಗೆ ಹಠ ಹಿಡಿದಳು. ಬಣ್ಣ ಬಣ್ಣದ ಗೊಂಬೆಗಳು, ರಕ್ತ ಇಲ್ಲ, ಬಂದೂಕು ಇಲ್ಲ. ನೋಡಿದ ಕೂಡಲೇ ಸರಿ ಎಂದೆ. ಅಕೌಂಟ್ ತೆರೆಯುವಾಗ ಹುಟ್ಟಿದ ದಿನ ಕೇಳಿತು. ಅವಳದ್ದು ಹಾಕಿದರೆ ಪೋಷಕರ ಇಮೇಲ್, ಒಪ್ಪಿಗೆ ಅಂತ ಕೆಲಸ ಜಾಸ್ತಿ. ಸುಮ್ನೆ ಯಾಕೆ ಅಂತ ನನ್ನದೇ ಹಾಕಿಬಿಟ್ಟೆ.

ಎರಡು ವಾರ ಕಳೆದ ಮೇಲೆ ಒಂದು ದಿನ ಪಕ್ಕದಲ್ಲಿ ಕೂತಿದ್ದೆ. ಯಾರೋ ಚಾಟ್‌ನಲ್ಲಿ ಅವಳ ವಯಸ್ಸು ಕೇಳಿದರು. ಆಮೇಲೆ ಬೇರೆ ಆ್ಯಪ್‌ಗೆ ಬಾ, ಅಲ್ಲಿ ಮಾತಾಡೋಣ ಎಂದರು. ಅವಳು ಉತ್ತರ ಟೈಪ್ ಮಾಡುತ್ತಿದ್ದಳು. ಜೊತೆಗೆ ಆಡಿದವರು ಕೇಳಿದರೆ ಹೇಳಬೇಕು ಅನ್ನುವುದು ಅವಳ ಲೆಕ್ಕ. ಅವಳದ್ದೇನೂ ತಪ್ಪಿಲ್ಲ. ನಾನು ಹಾಕಿದ ಸುಳ್ಳು ದಿನಾಂಕದಿಂದ ಆ ಗೇಮ್ ಅವಳನ್ನು ದೊಡ್ಡವಳು ಎಂದುಕೊಂಡಿತ್ತು. ಮಕ್ಕಳಿಗೆಂದು ಇದ್ದ ತಡೆಗಳೆಲ್ಲ ಹಾಗೇ ತೆರೆದುಹೋಗಿದ್ದವು.

ಅವತ್ತೇ ಅಕೌಂಟ್ ಅಳಿಸಿದೆ. ಮತ್ತೆ ಮೊದಲಿನಿಂದ ಹುಡುಕಲು ಕೂತೆ.

ಮೊದಲು ನೋಡಿದ್ದು ವಯಸ್ಸಿನ ಗುರುತು. ಗೇಮ್ ಯಾವ ವಯಸ್ಸಿನವರಿಗೆ ಸರಿ ಎಂದು ಹೇಳುವ ಸಂಸ್ಥೆಗಳಿವೆ. ಯುರೋಪಿನ ಪೆಗಿ 3, 7, 12, 16, 18 ಎಂದು ಅಂಕಿ ಹಾಕುತ್ತದೆ. ಅಮೆರಿಕದ ಇಎಸ್‌ಆರ್‌ಬಿ ಅಕ್ಷರ ಹಾಕುತ್ತದೆ. ಇವು ಗೇಮ್ ಒಳಗಿನ ದೃಶ್ಯ, ಮಾತು, ಹೊಡೆದಾಟ ನೋಡಿ ಕೊಡುವ ಗುರುತುಗಳು. ಎದುರು ಆಡುವವರು ಏನು ಹೇಳುತ್ತಾರೆ ಅನ್ನುವುದಕ್ಕೆ ರೇಟಿಂಗ್ ಇಲ್ಲ. ಇಎಸ್‌ಆರ್‌ಬಿ ಗುರುತಿನ ಹತ್ತಿರ 'ಯೂಸರ್ಸ್ ಇಂಟರಾಕ್ಟ್' ಅಂತ ಒಂದು ಸಾಲು ಇರುತ್ತದೆ. ಅದು ಕಂಡರೆ ಆಡುವವರು ಪರಸ್ಪರ ಮಾತಾಡಬಹುದು ಎಂದರ್ಥ. ಈಗ ನಾನು ಮೊದಲು ಓದುವುದು ಆ ಸಾಲನ್ನೇ.

ಆಮೇಲೆ ಒಂದೊಂದು ಗೇಮ್ ಒಂದು ವಾರ ನಾನೇ ಆಡಿದೆ. ಗೊತ್ತಿಲ್ಲದವರು ಮೆಸೇಜ್ ಕಳಿಸಬಹುದಾ, ಚಾಟ್ ಪೂರ್ತಿ ಮುಚ್ಚಬಹುದಾ, ಆಟದ ಮಧ್ಯೆ ಏನಾದರೂ ಕೊಳ್ಳಲು ಪೀಡಿಸುತ್ತಾ ಎಂದು ನೋಡಿದೆ.

ಗುಂಪಿನಲ್ಲಿ ಅಡಗಿದ ಮೋಸಗಾರನನ್ನು ಹುಡುಕುವ ಗೇಮ್ ಅಮಾಂಗ್ ಅಸ್. ಅದರಲ್ಲಿ ಹದಿಮೂರಕ್ಕಿಂತ ಚಿಕ್ಕ ಮಕ್ಕಳಿಗೆ ಪೋಷಕರು ಒಪ್ಪುವ ತನಕ ಟೈಪ್ ಮಾಡಲು ಬಿಡುವುದಿಲ್ಲ. ಕ್ವಿಕ್ ಚಾಟ್‌ನ ಸಿದ್ಧ ಮಾತುಗಳನ್ನಷ್ಟೇ ಆರಿಸಬಹುದು. ನಿಜವಾದ ವಯಸ್ಸು ಹಾಕಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ, ಅಲ್ವಾ? ಪುಟ್ಟ ಗಾಡಿಗಳ ರೇಸ್ ಗೇಮ್ ಮಾರಿಯೋ ಕಾರ್ಟ್ 8 ಡಿಲಕ್ಸ್ ಇನ್ನೂ ನಿರಾಳ. ಆನ್‌ಲೈನ್‌ನಲ್ಲಿ 12 ಜನರ ತನಕ ಓಡುತ್ತಾರೆ, ಟೈಪ್ ಮಾಡುವ ಜಾಗವೇ ಇಲ್ಲ. ರೋಬ್ಲಾಕ್ಸ್ ಸದ್ಯಕ್ಕೆ ಬೇಡ ಎಂದೆ. ಅದು ಒಂದು ಗೇಮ್ ಅಲ್ಲ, ಬಳಸುವವರೇ ಮಾಡಿದ ಲೆಕ್ಕವಿಲ್ಲದಷ್ಟು ಗೇಮ್‌ಗಳ ಸಂತೆ. ಒಂದೊಂದನ್ನೂ ನಾನು ಮೊದಲೇ ಆಡಿ ನೋಡುವುದು ಆಗದ ಮಾತು.

ಕೊನೆಗೆ ನಿಂತಿದ್ದು ಮೈನ್‌ಕ್ರಾಫ್ಟ್, ಚೌಕದ ತುಂಡು ಜೋಡಿಸಿ ಬೇಕಾದ್ದು ಕಟ್ಟುವ ಗೇಮ್. ಎಲ್ಲರಿಗೂ ತೆರೆದಿರುವ ದೊಡ್ಡ ಸರ್ವರ್‌ಗಳ ಕಡೆ ಹೋಗಲಿಲ್ಲ. ರಿಯಲ್ಮ್ಸ್ ಎಂಬ ಖಾಸಗಿ ಜಗತ್ತು ತೆಗೆದುಕೊಂಡೆ. ತಿಂಗಳಿಗೆ ಇಷ್ಟು ಎಂದು ದುಡ್ಡು ಕೊಡಬೇಕು. ಆದರೆ ನಾವು ಕರೆದವರು ಮಾತ್ರ ಒಳಗೆ ಬರುತ್ತಾರೆ. ನಾವು ತೆಗೆದುಕೊಂಡ ಪ್ಲಾನ್‌ನಲ್ಲಿ ನಮ್ಮನ್ನು ಬಿಟ್ಟು ಇನ್ನೂ 10 ಜನ ಒಟ್ಟಿಗೆ ಆಡಬಹುದು. ಮಗುವಿನ ಅಕೌಂಟ್‌ಗೆ ಬೇರೆಯವರ ಜೊತೆ ಆಡುವ ಅನುಮತಿಯನ್ನು ನಾವೇ ಕೊಡಬೇಕು. ಅದನ್ನು ಹುಡುಕಲು ನನಗೆ ಒಂದು ಸಂಜೆ ಹಿಡಿಯಿತು. ಶುರುವಿನಲ್ಲಿ ಪೀಸ್‌ಫುಲ್ ಮೋಡ್ ಇಟ್ಟೆ. ರಾತ್ರಿ ದೆವ್ವ, ಅಸ್ಥಿಪಂಜರ ಬರುವುದಿಲ್ಲ. ಅವಳು, ಅವಳ ಇಬ್ಬರು ಗೆಳತಿಯರು, ನನ್ನ ಅಕ್ಕನ ಮಗ ಸೇರಿ ನೀರಿನ ಕೆಳಗೆ ಮನೆ ಕಟ್ಟಿದರು. ಒಂದು ದಿನ ಗೋಡೆ ಒಡೆದು ನೀರೆಲ್ಲ ಒಳಗೆ ನುಗ್ಗಿತು. ನಾಲ್ವರೂ ನಕ್ಕು ನಕ್ಕು ಸುಸ್ತಾದರು. ಗೊತ್ತಿರುವವರ ಜೊತೆ ಆಡಿದರೆ ಖುಷಿಯೂ ಜಾಸ್ತಿ. ಇದು ನಾನು ನಿರೀಕ್ಷಿಸಿರಲಿಲ್ಲ.

ಗೊತ್ತಿಲ್ಲದವರನ್ನು ಬ್ಲಾಕ್ ಮಾಡುವುದನ್ನು ಬಾಯಲ್ಲಿ ಹೇಳಿಕೊಟ್ಟರೆ ಸಾಲದು ಅನಿಸಿತು. ಅದಕ್ಕೇ ಇನ್ನೊಂದು ಅಕೌಂಟ್‌ನಿಂದ ನಾನೇ ಅಪರಿಚಿತನಾಗಿ ಹೋದೆ. 'ನಿನ್ನ ಶಾಲೆ ಯಾವುದು?' ಎಂದು ಕೇಳಿದೆ. ಮೊದಲ ಸಲ ತಡಬಡಿಸಿದಳು. ಮೂರನೇ ಸಲ ಕೇಳುವುದರೊಳಗೆ ನನ್ನನ್ನು ಬ್ಲಾಕ್ ಮಾಡಿ, ರಿಪೋರ್ಟ್ ಬಟನ್ ಎಲ್ಲಿದೆ ಎಂದು ನನಗೇ ತೋರಿಸಿದಳು.

ದುಡ್ಡಿನ ವಿಷಯಕ್ಕೆ ಒಂದೇ ಕೆಲಸ ಮಾಡಿದೆ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಟ್ಟೆ.

ಸಮಯದ ಜಗಳ ಮಾತ್ರ ಬಹಳ ದಿನ ನಡೆಯಿತು. ಊಟಕ್ಕೆ ಬಾ ಎಂದು ಮಾರಿಯೋ ಕಾರ್ಟ್ ರೇಸಿನ ಮಧ್ಯೆ ಎಬ್ಬಿಸುತ್ತಿದ್ದೆ, ಅವಳು ಅಳುತ್ತಿದ್ದಳು. ನಾನೇ ಆಡಿದ ಮೇಲೆ ಅರ್ಥವಾಯಿತು. ಆನ್‌ಲೈನ್ ರೇಸನ್ನು ನಡುವೆ ನಿಲ್ಲಿಸಿ ಇಡಲು ಆಗುವುದಿಲ್ಲ. ಎದ್ದು ಹೋದರೆ ಸೋತಂತೆ. ಈಗ 'ಈ ರೇಸ್ ಮುಗಿದ ಮೇಲೆ ಬಾ' ಎನ್ನುತ್ತೇನೆ. ಕೆಲವೇ ನಿಮಿಷದ ಮಾತು. ಬರುತ್ತಾಳೆ.

ಈಗ ಅವಳಿಗೆ ಹತ್ತು ವರ್ಷ. ಹೆಡ್‌ಸೆಟ್ ಬೇಕಂತೆ. ಸದ್ಯಕ್ಕೆ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಗೆಳತಿಯರ ಜೊತೆ ಮಾತಾಡುವುದಾದರೆ ನನ್ನ ಫೋನಿನಿಂದ ಕರೆ ಮಾಡಿ, ಸ್ಪೀಕರ್ ಹಾಕಿ, ಹಾಲ್‌ನಲ್ಲೇ ಕೂತು ಆಡಬೇಕು.