ಫ್ಯಾನ್ ಹತ್ತುವ ಮೊದಲು ನಮ್ಮ ಹುಡುಗರಿಗೆ ನಾನು ಕಲಿಸಿದ್ದು

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಹೊಲಗಳ ತುಂಬ ಕರೆಂಟ್ ತಯಾರಿಸುವ ಗಾಳಿ ಫ್ಯಾನ್‌ಗಳು ನಿಂತಿವೆ. ನಾನು ಈ ಭಾಗದಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಸುವವನು. ಫ್ಯಾನಿಗೆ ಜಾಗ ಕೊಟ್ಟ ಮನೆಯ ಹುಡುಗ ಕೆಳಗೆ ವಾಚ್‌ಮನ್ ಆಗಿ ಕೂರುತ್ತಾನೆ, ಮೇಲೆ ಹತ್ತಿ ರಿಪೇರಿ ಮಾಡುವವರು ಬೇರೆ ಕಡೆಯಿಂದ ಬರುತ್ತಾರೆ. ಇದನ್ನು ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ಟ್ರೇಡ್ ಮುಗಿಸಿದವರನ್ನು ರಜೆ ದಿನ ಕರೆದು ಈ ಕೆಲಸಕ್ಕೆ ತಯಾರು ಮಾಡತೊಡಗಿದೆ.

ಎಲ್ಲರಿಗೂ ಮೊದಲು ಸೋಲಾರ್ ಪ್ಯಾನೆಲ್ ಪಾಠ. ಪ್ಯಾನೆಲ್ ಆದರೆ ನೆಲದ ಮೇಲಿಟ್ಟು ಕಲಿಯಬಹುದು. ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಬರೆದುಕೊಳ್ಳಿ ಎನ್ನುತ್ತೇನೆ. ಮಧ್ಯಾಹ್ನ ಮತ್ತೆ ಅದೇ ಕೆಲಸ. ಬಿಸಿಲು ಜಾಸ್ತಿಯಾಗಿದೆ, ವೋಲ್ಟೇಜ್ ಮಾತ್ರ ಕಡಿಮೆ! "ಮೀಟರ್ ಕೆಟ್ಟೈತೇನ್ರಿ ಸರ?" ಅಂತ ಕೇಳಿಯೇ ಕೇಳುತ್ತಾರೆ. ಆಗ ಪ್ಯಾನೆಲ್ ಹಿಂದಿನ ಚೀಟಿ ಓದಿಸುತ್ತೇನೆ. ಅಲ್ಲಿ ಬರೆದಿರುವ ಅಂಕಿ 25 ಡಿಗ್ರಿಗೆ ಲೆಕ್ಕ ಹಾಕಿದ್ದು. ಅದರ ಮೇಲೆ ಪ್ರತಿ ಡಿಗ್ರಿಗೂ ವೋಲ್ಟೇಜ್ ಸುಮಾರು ಶೇ 0.3 ಇಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಪ್ಯಾನೆಲ್ 65 ಡಿಗ್ರಿ ಕಾದರೆ 48 ವೋಲ್ಟಿನದು 42ರ ಹತ್ತಿರ ಬರುತ್ತದೆ. ಗಣಿತ ಅಂದರೆ ಹೆದರುತ್ತಿದ್ದವರೂ ಈ ಲೆಕ್ಕವನ್ನು ತಾವೇ ಮಾಡುತ್ತಾರೆ. ಆ ಹೊತ್ತು ನನಗೆ ಆಗುವ ಖುಷಿ ದೊಡ್ಡದು.

ಆಮೇಲೆ ಅಪಾಯದ ಪಾಠ. ಮನೆ ವೈರಿಂಗ್ ಮಾಡಿ ಬಂದವರಿಗೆ ಸ್ವಿಚ್ ಆಫ್ ಮಾಡಿದರೆ ಮುಗಿಯಿತು ಎಂಬ ನಂಬಿಕೆ ಇರುತ್ತದೆ. ಬಿಸಿಲು ಇರುವವರೆಗೆ ಪ್ಯಾನೆಲ್ ಆಫ್ ಆಗುವುದಿಲ್ಲ. ಹತ್ತು ಪ್ಯಾನೆಲ್ ಸಾಲಾಗಿ ಜೋಡಿಸಿದರೆ 400 ವೋಲ್ಟ್ ದಾಟುತ್ತದೆ, ಅದೂ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ಮನೆಗೆ ಬರುವ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಹಾಗಾಗಿ ಜೋಡಣೆ ಬಿಚ್ಚುವಾಗ ಏಳುವ ಕಿಡಿ ಬೇಗ ಆರುತ್ತದೆ. ಡಿಸಿ ಕಿಡಿ ಆರದೆ ಉರಿಯುತ್ತಲೇ ಇರಬಹುದು. ಅದಕ್ಕೇ ಮೊದಲು ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ನಿಲ್ಲಿಸಿ, ಪ್ಯಾನೆಲ್ ಸಾಲನ್ನು ಬೇರ್ಪಡಿಸುವ ಸ್ವಿಚ್ಚಾದ ಡಿಸಿ ಐಸೊಲೇಟರ್ ಆಫ್ ಮಾಡಿ, ವೈರಿನ ಸುತ್ತ ಹಿಡಿಯುವ ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ ಸೊನ್ನೆ ಎಂದು ನೋಡಿದ ಮೇಲೆಯೇ ಕನೆಕ್ಟರ್ ಬಿಚ್ಚಬೇಕು. ಈ ಕ್ರಮವನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವಂತೆ ಮಾಡಿಸುತ್ತೇನೆ.

ಬೀಗದ ಅಭ್ಯಾಸವೂ ಅಷ್ಟೇ ಮುಖ್ಯ. ಬೇರೆ ಯಾರೂ ಆನ್ ಮಾಡದಂತೆ, ಕೆಲಸಕ್ಕೆ ಇಳಿಯುವ ಪ್ರತಿಯೊಬ್ಬರೂ ಸ್ವಿಚ್ಚಿಗೆ ತಮ್ಮ ಬೀಗ ಹಾಕಿ, ಹೆಸರಿನ ಚೀಟಿ ತೂಗುಹಾಕಿ, ಕೀಲಿ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಗೆಳೆಯನ ಕೈಗೂ ಕೊಡಬಾರದು.

ಎತ್ತರದ ಮಾತು ಬಂದಾಗ ಮನೆಯವರ ಜೊತೆ ಕೂತು ಮಾತಾಡಲೇಬೇಕು. "ಅಷ್ಟ ಮ್ಯಾಲ ನನ್ನ ಮಗನ್ನ ಹತ್ತಸಬ್ಯಾಡ್ರಿ ಸರ" ಎಂದು ಒಬ್ಬ ತಂದೆ ಕೈಮುಗಿದರು. ಅವರ ಭಯ ಸುಮ್ನೆ ಅಲ್ಲ. ನೂರು ಮೀಟರ್ ಆಸುಪಾಸಿನ ಎತ್ತರ ಅದು. ಬೀಳದಂತೆ ಮೈಗೆ ಕಟ್ಟಿಕೊಳ್ಳುವ ಪಟ್ಟಿ, ಹಾರ್ನೆಸ್ ತೋರಿಸಿದೆ. ಎರಡು ಕೊಕ್ಕೆ ಇರುತ್ತವೆ, ಒಂದನ್ನು ಬಿಚ್ಚುವಾಗ ಇನ್ನೊಂದು ಸಿಕ್ಕಿಕೊಂಡೇ ಇರಬೇಕು ಎಂದು ವಿವರಿಸಿದೆ. ಅವರೇ ಎಳೆದು ನೋಡಿದರು. ಹುಡುಗಿಯರ ಮನೆಯಲ್ಲಿ ಇನ್ನೂ ಜಾಸ್ತಿ ಮಾತು ಬೇಕಾಗುತ್ತದೆ. ಸೋಲಾರ್ ಡಿಸೈನ್, ಕಂಟ್ರೋಲ್ ರೂಮ್ ಕೆಲಸಗಳ ಬಗ್ಗೆಯೂ ಹೇಳುತ್ತೇನೆ. ಆದರೆ ಹತ್ತುತ್ತೇನೆ ಎನ್ನುವ ಹುಡುಗಿಯನ್ನು ತಡೆಯಲು ನನ್ನ ಬಳಿ ಯಾವ ಕಾರಣವೂ ಇಲ್ಲ.

ಸಮುದ್ರ ನಮಗೆ ದೂರ. ಆದರೂ ಅದರ ಮಾತು ಎತ್ತುತ್ತೇನೆ. ಗುಜರಾತ್, ತಮಿಳುನಾಡು ತೀರದಾಚೆ ಸಮುದ್ರದಲ್ಲೇ ಫ್ಯಾನ್ ನಿಲ್ಲಿಸಿ ತಲಾ 500 ಮೆಗಾವಾಟ್ ಗಾಳಿ ವಿದ್ಯುತ್ತಿಗೆಂದು ಕೇಂದ್ರ ಸರ್ಕಾರ 2024ರಲ್ಲಿ 7,453 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅಲ್ಲೂ ಬೇಕಾಗುವುದು ಇದೇ ಬೋಲ್ಟ್ ಬಿಗಿ, ಇದೇ ಬೀಗ, ಇದೇ ಮೀಟರ್. ಜೊತೆಗೆ ನೀರಿನಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿ ಬೇಕು. ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗರು ಅದಕ್ಕೆ ಹಿಂಜರಿಯಬೇಕಿಲ್ಲ.

ಒಂದು ಮಾತು ಹಣದ ಬಗ್ಗೆ. ಗಾಳಿ ಫ್ಯಾನ್ ಕೆಲಸಕ್ಕೆ ಕೇಳುವ ಜಿಡಬ್ಲ್ಯೂಓ (ಗ್ಲೋಬಲ್ ವಿಂಡ್ ಆರ್ಗನೈಸೇಶನ್) ಸುರಕ್ಷತಾ ಸರ್ಟಿಫಿಕೇಟಿಗೆ ಎರಡೇ ವರ್ಷ ಆಯುಷ್ಯ. ಸಾಲ ಮಾಡಿ ಮೊದಲೇ ಮಾಡಿಸಬೇಡಿ. ಇಂಟರ್‌ವ್ಯೂನಲ್ಲಿ ಆಯ್ಕೆಯಾದ ಮೇಲೆ, ಆ ಖರ್ಚು ಕಂಪನಿ ಕೊಡುತ್ತದೆಯೇ ಎಂದು ಕೇಳಿ.